ಅರಣ್ಯ ಸಂರಕ್ಷಣಾ ಕಾನೂನು ಮತ್ತು ಜೀವವೈವಿಧ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಅರಣ್ಯ ಸಂರಕ್ಷಣಾ ಕಾನೂನು ಎಂದು ಯಾವುದನ್ನು ಕರೆಯುತ್ತಾರೆ?

ಬಹುತೇಕ ದೇಶಗಳಲ್ಲಿ ಇದು ಒಂದೇ ಕಾಯ್ದೆಯಲ್ಲ, ಹಲವು ಕಾಯ್ದೆಗಳ ಗುಂಪು. ಕಾಡಿನ ಜಮೀನನ್ನು ಗಣಿ, ಅಣೆಕಟ್ಟು, ಹೆದ್ದಾರಿ ಅಥವಾ ಬೇಸಾಯಕ್ಕೆ ಬಿಟ್ಟುಕೊಡುವುದನ್ನು ನಿಯಂತ್ರಿಸುವ ಕಾಯ್ದೆ ಇರುತ್ತದೆ. ಯಾವ ಮರವನ್ನು, ಎಷ್ಟು, ಯಾರ ಅನುಮತಿಯಿಂದ ಕಡಿಯಬಹುದು ಎಂದು ಹೇಳುವ ನಿಯಮಗಳಿರುತ್ತವೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳನ್ನು ಘೋಷಿಸುವ, ಬೇಟೆಯನ್ನು ನಿಷೇಧಿಸುವ ವನ್ಯಜೀವಿ ಕಾನೂನು ಬೇರೆಯೇ ಇರುತ್ತದೆ. ನಾಟಾ ಮತ್ತು ವನ್ಯಜೀವಿ ವ್ಯಾಪಾರದ ಕಾನೂನುಗಳು, ಕಾಡಿನಲ್ಲಿ ವಾಸಿಸುವವರ ಹಕ್ಕುಗಳನ್ನು ಮಾನ್ಯ ಮಾಡುವ ಕಾನೂನುಗಳು ಇವುಗಳ ಜೊತೆಗೆ ಸೇರುತ್ತವೆ. ಭಾರತದ ಉದಾಹರಣೆಯನ್ನೇ ತೆಗೆದುಕೊಂಡರೆ 1927ರ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆ ಮತ್ತು 2006ರ ಅರಣ್ಯ ಹಕ್ಕು ಕಾಯ್ದೆ ಇವೆಲ್ಲವೂ ಒಂದೇ ಕಾಡಿನ ಮೇಲೆ ಏಕಕಾಲಕ್ಕೆ ಅನ್ವಯವಾಗಬಹುದು. ಆದ್ದರಿಂದ ‘ಈ ಕಾನೂನಿನಿಂದ ಜೀವವೈವಿಧ್ಯಕ್ಕೆ ಏನಾಯಿತು’ ಎಂದು ಕೇಳುವ ಮೊದಲು ಯಾವ ಕಾನೂನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ.

ಈ ಕಾನೂನುಗಳು ಹುಟ್ಟಿದ್ದು ಜೀವವೈವಿಧ್ಯವನ್ನು ಉಳಿಸುವುದಕ್ಕಾಗಿಯೇ?

ಇಲ್ಲ. ಫ್ರಾನ್ಸ್‌ನ 1669ರ ಅರಣ್ಯ ಶಾಸನದ ಹಿಂದೆ ನೌಕಾಪಡೆಯ ಹಡಗುಗಳಿಗೆ ಓಕ್ ಮರ ಸಿಗದೆ ಹೋದೀತೆಂಬ ಆತಂಕವಿತ್ತು. ಬ್ರಿಟಿಷ್ ಭಾರತದ 1865ರ ಅರಣ್ಯ ಕಾಯ್ದೆ ಬಂದದ್ದು ರೈಲುಹಳಿಗಳಡಿಯ ಸ್ಲೀಪರ್‌ಗಳಿಗಾಗಿ ಮರದ ಬೇಡಿಕೆ ವಿಪರೀತವಾಗಿ ಏರಿದ್ದ ಕಾಲದಲ್ಲಿ. ಸ್ವಿಟ್ಜರ್ಲೆಂಡ್‌ನ 1876ರ ಕಾನೂನು ಬೆಟ್ಟದ ಇಳಿಜಾರುಗಳ ಕಾಡು ಕಡಿದುದರಿಂದ ಕಣಿವೆಗಳಲ್ಲಿ ಪ್ರವಾಹ ಹೆಚ್ಚುತ್ತಿದೆ ಎಂಬ ಅನುಭವದಿಂದ ಹುಟ್ಟಿತು. ಜೀವವೈವಿಧ್ಯ ಎಂಬ ಪದವೇ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅದು ಅಂತರರಾಷ್ಟ್ರೀಯ ಒಪ್ಪಂದವೊಂದರ ವಿಷಯವಾದದ್ದು 1992ರ ರಿಯೊ ಶೃಂಗಸಭೆಯಲ್ಲಿ.

ಈ ಇತಿಹಾಸಕ್ಕೆ ಇಂದಿಗೂ ಮಹತ್ವವಿದೆ. ಮರವನ್ನು ಸರಕೆಂದು ಕಂಡ ಕಾಲದ ಅಳತೆಗೋಲುಗಳು, ಅಂದರೆ ಎಷ್ಟು ಹೆಕ್ಟೇರ್, ಎಷ್ಟು ಘನ ಮೀಟರ್, ಎಷ್ಟು ವರ್ಷಕ್ಕೊಮ್ಮೆ ಕಟಾವು ಎಂಬ ಲೆಕ್ಕಗಳು, ಕಾನೂನಿನ ಉದ್ದೇಶ ಬದಲಾದ ಮೇಲೂ ಅದರ ಒಳಗೇ ಉಳಿದುಕೊಂಡಿವೆ. ಮುಂದಿನ ಹಲವು ಪ್ರಶ್ನೆಗಳ ಮೂಲ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಕಾಡು ಉಳಿದರೆ ಜೀವವೈವಿಧ್ಯ ತಾನಾಗಿಯೇ ಉಳಿಯುವುದಿಲ್ಲವೆ?

ಅರ್ಧದಷ್ಟು ಮಾತ್ರ ನಿಜ. ಭೂಮಿಯ ನೆಲಭಾಗದ ಮೂರನೇ ಒಂದರಷ್ಟನ್ನು ಮಾತ್ರ ಆವರಿಸಿರುವ ಕಾಡುಗಳು ಜಗತ್ತಿನ ಉಭಯವಾಸಿ ಪ್ರಭೇದಗಳಲ್ಲಿ ಶೇ. 80, ಹಕ್ಕಿಗಳಲ್ಲಿ ಶೇ. 75 ಮತ್ತು ಸಸ್ತನಿಗಳಲ್ಲಿ ಶೇ. 68ರಷ್ಟಕ್ಕೆ ನೆಲೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2020ರ ವರದಿಯಲ್ಲಿ ಹೇಳಿದೆ. ಆದ್ದರಿಂದ ಕಾಡಿನ ನೆಲವನ್ನು ಉಳಿಸುವ ಕಾನೂನು ಇಲ್ಲದೆ ಬೇರಾವ ಪ್ರಯತ್ನವೂ ನಿಲ್ಲುವುದಿಲ್ಲ. ಆದರೆ ಮರಗಳೆಲ್ಲ ನಿಂತಿದ್ದೂ ಒಳಗೆ ಪ್ರಾಣಿಗಳೇ ಇಲ್ಲದ ಕಾಡು ಇರಬಹುದು. ಕೆಂಟ್ ರೆಡ್‌ಫೋರ್ಡ್ ಎಂಬ ವಿಜ್ಞಾನಿ 1992ರಲ್ಲಿ ಇದಕ್ಕೆ ‘ಖಾಲಿ ಕಾಡು’ ಎಂಬ ಹೆಸರು ಕೊಟ್ಟರು.

ವಿಯೆಟ್ನಾಂ ಮತ್ತು ಲಾವೋಸ್‌ಗಳ ನಡುವಿನ ಅನ್ನಾಮೈಟ್ ಪರ್ವತಶ್ರೇಣಿ ಇದಕ್ಕೆ ನೋವಿನ ನಿದರ್ಶನ. 1992ರಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಸಾವೊಲಾ ಎಂಬ ನೀಳಕೊಂಬಿನ ಪ್ರಾಣಿಯ ನೆಲೆ ಅದು. ಅಲ್ಲಿ ಕಾಡು ಕಡಿಯುವುದನ್ನು ತಡೆಯುವ ಕಾನೂನಿದೆ, ಸಾವೊಲಾಗೆಂದೇ ಘೋಷಿಸಿದ ರಕ್ಷಿತಾರಣ್ಯಗಳಿವೆ. ಆದರೂ ವಿಯೆಟ್ನಾಂನ ಅಂಥ ಎರಡು ರಕ್ಷಿತಾರಣ್ಯಗಳಲ್ಲಿ 2011ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಕಾವಲುಗಾರರು ಕಿತ್ತು ತೆಗೆದ ಉರುಳುಗಳ ಸಂಖ್ಯೆ 1 ಲಕ್ಷವನ್ನು ಮೀರಿತ್ತು. ಸೈಕಲ್ ಅಥವಾ ಬೈಕಿನ ಬ್ರೇಕ್ ತಂತಿಯ ಒಂದು ತುಂಡನ್ನು ಬಾಗಿಸಿದ ಎಳೆಮರಕ್ಕೆ ಕಟ್ಟಿ, ಪ್ರಾಣಿ ನಡೆಯುವ ಜಾಡಿನಲ್ಲಿ ಕುಣಿಕೆಯಾಗಿ ಹರಡಿ, ಮೇಲೆ ತರಗೆಲೆ ಮುಚ್ಚಿದರೆ ಉರುಳು ಸಿದ್ಧ. ಅದಕ್ಕೆ ಕಾಡುಹಂದಿ, ಸಾವೊಲಾ ಎಂಬ ಭೇದವಿಲ್ಲ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಈ ಕಾಡು ಹಚ್ಚಹಸಿರಾಗಿಯೇ ಕಾಣುತ್ತದೆ.

ಪ್ರಾಣಿಗಳು ಹೋದ ಮೇಲೆ ಮರಗಳಿಗೂ ಅದರ ಪೆಟ್ಟು ತಟ್ಟುತ್ತದೆ. ದೊಡ್ಡ ಬೀಜದ ಹಣ್ಣುಗಳನ್ನು ನುಂಗಿ ದೂರಕ್ಕೆ ಸಾಗಿಸುವವು ಮಂಗಟ್ಟೆ ಹಕ್ಕಿ, ಆನೆ, ಟೇಪಿರ್ ಮತ್ತು ದೊಡ್ಡ ಕೋತಿಗಳಂಥ ಕೆಲವೇ ಪ್ರಾಣಿಗಳು. ಅವಿಲ್ಲದಿದ್ದರೆ ಹಣ್ಣು ತಾಯಿಮರದ ಬುಡದಲ್ಲಿಯೇ ಬಿದ್ದು ಕೊಳೆಯುತ್ತದೆ, ಮೊಳೆತ ಸಸಿಗಳು ನೆರಳಿನಲ್ಲಿ, ಕೀಟ ಮತ್ತು ಶಿಲೀಂಧ್ರಗಳ ಬಾಧೆಯಲ್ಲಿ ಸಾಯುತ್ತವೆ. ಹೀಗಾಗಿ ಮರವನ್ನು ರಕ್ಷಿಸುವ ಕಾನೂನು ಮತ್ತು ಪ್ರಾಣಿಯನ್ನು ರಕ್ಷಿಸುವ ಕಾನೂನು ಬೇರೆ ಬೇರೆ ಇಲಾಖೆಗಳ ಕಡತಗಳಾಗಿ ಉಳಿದಲ್ಲಿ ಎರಡೂ ಸೋಲುತ್ತವೆ.

ಕಾನೂನಿನಲ್ಲಿ ‘ಅರಣ್ಯ’ ಎಂಬ ಪದದ ವ್ಯಾಖ್ಯೆಗೆ ಏಕೆ ಅಷ್ಟು ಮಹತ್ವ?

ಯಾವುದಕ್ಕೆ ರಕ್ಷಣೆ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂಬುದು ಆ ಒಂದು ಪದದಲ್ಲಿಯೇ ತೀರ್ಮಾನವಾಗುತ್ತದೆ. ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಅರ್ಧ ಹೆಕ್ಟೇರಿಗಿಂತ ದೊಡ್ಡದಾದ, 5 ಮೀಟರಿಗಿಂತ ಎತ್ತರದ ಮರಗಳಿರುವ, ನೆಲದ ಶೇ. 10ಕ್ಕಿಂತ ಹೆಚ್ಚು ಭಾಗಕ್ಕೆ ಮರಗಳ ನೆರಳಿರುವ, ಮುಖ್ಯವಾಗಿ ಬೇಸಾಯಕ್ಕೆ ಬಳಕೆಯಾಗದ ಜಾಗ ಅರಣ್ಯ. ಈ ಲೆಕ್ಕದಲ್ಲಿ ನೀಲಗಿರಿ ನೆಡುತೋಪೂ ಅರಣ್ಯ, ರಬ್ಬರ್ ತೋಟವೂ ಅರಣ್ಯ, ಸಾವಿರಾರು ವರ್ಷಗಳಿಂದ ನಿಂತಿರುವ ಮಳೆಕಾಡೂ ಅರಣ್ಯ. ಭಾರತದ ಅರಣ್ಯ ಸಮೀಕ್ಷೆಯೂ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ರಷ್ಟು ಮರದ ಹೊದಿಕೆಯಿರುವ ಜಾಗವನ್ನು, ಅಲ್ಲಿರುವ ಮರ ಯಾವುದೆಂದು ಭೇದ ಮಾಡದೆ, ಅರಣ್ಯ ಹೊದಿಕೆ ಎಂದು ಎಣಿಸುತ್ತದೆ. ನೈಸರ್ಗಿಕ ಕಾಡು ಕಡಿದು ಅಷ್ಟೇ ವಿಸ್ತೀರ್ಣದಲ್ಲಿ ಏಕಜಾತಿ ನೆಡುತೋಪು ಎಬ್ಬಿಸಿದರೆ ಅಂಕಿಅಂಶದಲ್ಲಿ ಕಾಡು ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಆದರೆ ಆ ಕಾಡನ್ನೇ ನಂಬಿದ್ದ ಕಪ್ಪೆ, ಸೀತಾಳೆ, ಜೇಡಗಳ ಪಾಲಿಗೆ ಎಲ್ಲವೂ ಮುಗಿದಿರುತ್ತದೆ.

ವ್ಯಾಖ್ಯೆ ವಿಶಾಲವಾದಾಗ ಆಗುವ ಲಾಭವೂ ಸಣ್ಣದಲ್ಲ. 1996ರ ಡಿಸೆಂಬರ್ 12ರಂದು ಭಾರತದ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ, ಅರಣ್ಯ ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು, ಜಮೀನು ಯಾರದೇ ಆಗಿರಲಿ ಎಂದು ಆದೇಶಿಸಿತು. ಅಧಿಸೂಚನೆಯಾಗದೆ ಉಳಿದಿದ್ದ ಅನೇಕ ಕಾಡುಗಳು ಆ ಒಂದು ಆದೇಶದಿಂದ 1980ರ ಕಾಯ್ದೆಯ ರಕ್ಷಣೆಗೆ ಬಂದವು. 2023ರ ತಿದ್ದುಪಡಿಯು ಆ ಕಾಯ್ದೆಯ ವ್ಯಾಪ್ತಿಯನ್ನು ಕಿರಿದುಗೊಳಿಸಿದಾಗ ವಿವಾದ ಮತ್ತೆ ನ್ಯಾಯಾಲಯಕ್ಕೆ ಹೋಗಿ, 1996ರ ಅರ್ಥವನ್ನೇ ಸದ್ಯಕ್ಕೆ ಪಾಲಿಸಬೇಕೆಂಬ ಮಧ್ಯಂತರ ಆದೇಶ 2024ರ ಫೆಬ್ರವರಿಯಲ್ಲಿ ಬಂದಿತು. ಒಂದು ಪದದ ಅರ್ಥಕ್ಕಾಗಿ ಇಷ್ಟು ವರ್ಷಗಳ ವ್ಯಾಜ್ಯ ನಡೆಯುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಕಾಡಿನ ಅಂಚಿನಲ್ಲಿ ಗಡಿಕಲ್ಲು ಎಲ್ಲಿ ನೆಡಬೇಕೆಂದು ನಿರ್ಧರಿಸಬೇಕಾದವರಿಗೆ ಹಾಗೆನಿಸದು.

ಹುಲ್ಲುಗಾವಲು, ಕುರುಚಲು ಕಾಡು ಮತ್ತು ಸವನ್ನಾಗಳಿಗೆ (ಅಲ್ಲಲ್ಲಿ ಮರಗಳಿರುವ ಹುಲ್ಲುಬಯಲುಗಳಿಗೆ) ಈ ವ್ಯಾಖ್ಯೆಗಳಿಂದ ಆಗುವ ಅನ್ಯಾಯವನ್ನು ಇಲ್ಲಿಯೇ ಹೇಳಬೇಕು. ಮರ ಕಡಿಮೆ ಇರುವ ನೆಲವನ್ನು ಹಾಳುಬಿದ್ದ ಕಾಡೆಂದು ಭಾವಿಸಿ ಸಸಿ ನೆಡುವುದು ಅಲ್ಲಿನ ಹಕ್ಕಿ, ಹುಲ್ಲು, ಮೇಯುವ ಪ್ರಾಣಿಗಳ ನೆಲೆಯನ್ನೇ ತೆಗೆಯುತ್ತದೆ.

ಸತ್ತ ಮರ, ಪೊಳ್ಳು ಮರಗಳನ್ನು ತೆಗೆದರೆ ಕಾಡಿಗೆ ಒಳ್ಳೆಯದಲ್ಲವೆ? ಕಾನೂನು ಅದನ್ನೂ ಏಕೆ ತಡೆಯುತ್ತದೆ?

ಕಾಡನ್ನು ತೋಟದಂತೆ ನೋಡುವ ಅಭ್ಯಾಸದಿಂದ ಈ ಪ್ರಶ್ನೆ ಹುಟ್ಟುತ್ತದೆ, ಮತ್ತು ಇದಕ್ಕೆ ವಿವರವಾಗಿ ಉತ್ತರಿಸುವುದು ಅಗತ್ಯ. ಪೋಲೆಂಡ್‌ನ ಬಿಯಾಲೊವಿಯೆಜಾ ಯುರೋಪಿನ ತಗ್ಗುಪ್ರದೇಶದಲ್ಲಿ ಉಳಿದಿರುವ ಅತಿ ಹಳೆಯ ಕಾಡುಗಳಲ್ಲಿ ಒಂದು. ಅಲ್ಲಿನ ಸ್ಪ್ರೂಸ್ ಮರಗಳಿಗೆ ತೊಗಟೆ ಕೊರೆಯುವ ದುಂಬಿಗಳು ಹತ್ತಿದವೆಂಬ ಕಾರಣ ನೀಡಿ 2016ರಲ್ಲಿ ಕಟಾವಿನ ಪ್ರಮಾಣವನ್ನು ಸುಮಾರು ಮೂರು ಪಟ್ಟು ಏರಿಸಲಾಯಿತು. ವಿವಾದ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ಕಡಿಯುವುದನ್ನು ನಿಲ್ಲಿಸದಿದ್ದರೆ ದಿನಕ್ಕೆ ಕನಿಷ್ಠ 1 ಲಕ್ಷ ಯೂರೊ ದಂಡ ಎಂದು ನ್ಯಾಯಾಲಯ 2017ರ ನವೆಂಬರ್‌ನಲ್ಲಿ ಎಚ್ಚರಿಸಿತು, 2018ರ ಏಪ್ರಿಲ್ 17ರಂದು ಆ ಕಟಾವು ಪ್ರಕೃತಿ ಸಂರಕ್ಷಣಾ ನಿರ್ದೇಶನಗಳ ಉಲ್ಲಂಘನೆ ಎಂದು ತೀರ್ಪಿತ್ತಿತು.

ದುಂಬಿ ಹತ್ತಿ ಒಣಗಿದ ಒಂದು ಸ್ಪ್ರೂಸ್ ಮರವನ್ನು ಹತ್ತಿರದಿಂದ ನೋಡಿದರೆ ಆ ತೀರ್ಪಿನ ಅರ್ಥ ತಿಳಿಯುತ್ತದೆ. ತೊಗಟೆಯ ಒಳಮೈಯಲ್ಲಿ ದುಂಬಿಯ ಮರಿಹುಳುಗಳು ಬೆರಳುಗಳಂತೆ ಹರಡುವ ಸಣ್ಣ ಸುರಂಗಗಳನ್ನು ಕೊರೆದಿರುತ್ತವೆ. ಮೂರು ಬೆರಳಿನ ಮರಕುಟಿಗ ಆ ತೊಗಟೆಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸಿ ಹುಳುಗಳನ್ನು ತಿನ್ನುತ್ತದೆ, ಅದೇ ಕಾಂಡದಲ್ಲಿ ಗೂಡನ್ನೂ ಕೊರೆಯುತ್ತದೆ. ಒಂದೆರಡು ವರ್ಷಗಳಲ್ಲಿ ಶಿಲೀಂಧ್ರಗಳು ಮರವನ್ನು ಮೆದುವಾಗಿಸುತ್ತವೆ. ಆಗ ಸತ್ತ ಮರದ ಸಡಿಲ ತೊಗಟೆಯ ಅಡಿಯಲ್ಲಿ ಮಾತ್ರ ಬದುಕಬಲ್ಲ, ಬೇರೆಡೆ ಅಪರೂಪವಾಗಿರುವ ದುಂಬಿಗಳು ಬರುತ್ತವೆ. ಮರ ಉರುಳಿದ ಮೇಲೆ ಅದರ ಮೈಮೇಲೆ ಹಾವಸೆ, ಅಣಬೆ ಬೆಳೆದು, ಮುಂದಿನ ಸ್ಪ್ರೂಸ್ ಸಸಿ ಅಲ್ಲಿಯೇ ಬೇರೂರುತ್ತದೆ. ಅರಣ್ಯ ಸಿಬ್ಬಂದಿಯ ಪುಸ್ತಕದಲ್ಲಿ ‘ನಷ್ಟ’ ಎಂದು ದಾಖಲಾಗುವ ಮರ ಹತ್ತಾರು ವರ್ಷಗಳ ಕಾಲ ಹೀಗೆ ನೂರಾರು ಜೀವಿಗಳನ್ನು ಸಾಕುತ್ತಿರುತ್ತದೆ.

ಪೊಟರೆಗಳ ಕಥೆಯೂ ಇಂಥದೇ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಎತ್ತರದ ನೀಲಗಿರಿ ಜಾತಿಯ ಕಾಡುಗಳಲ್ಲಿರುವ ಲೆಡ್‌ಬೀಟರ್ಸ್ ಪಾಸಮ್ ಎಂಬ ಅಂಗೈಯಗಲದ ನಿಶಾಚರಿ, ಹಳೆಯ ಮರಗಳ ಪೊಟರೆಗಳಲ್ಲಿ ಮಾತ್ರ ಗೂಡು ಮಾಡುತ್ತದೆ. ಆ ಮರಗಳಲ್ಲಿ ಅಂಥ ಪೊಟರೆ ಮೂಡಲು ಸುಮಾರು 120 ವರ್ಷಗಳಾದರೂ ಬೇಕು. ಕಟಾವಿನ ಆವರ್ತನ ಸುಮಾರು 80 ವರ್ಷಗಳದಾಗಿದ್ದಾಗ, ಕಡಿದಷ್ಟೂ ಮತ್ತೆ ಬೆಳೆಸಿದರೂ ಪೊಟರೆಯಿರುವ ಮರ ಎಂದಿಗೂ ಸಿದ್ಧವಾಗುತ್ತಿರಲಿಲ್ಲ. ಸುಸ್ಥಿರ ಎಂದು ಕಾಗದದಲ್ಲಿ ಕರೆಸಿಕೊಂಡ ಪದ್ಧತಿ ಒಂದು ಪ್ರಾಣಿಯನ್ನು ಅಳಿವಿನ ಅಂಚಿಗೆ ತಳ್ಳಿದ್ದು ಈ 40 ವರ್ಷಗಳ ಅಂತರದಿಂದ. ವಿಕ್ಟೋರಿಯದ ನೈಸರ್ಗಿಕ ಕಾಡುಗಳಲ್ಲಿ ನಾಟಾ ಕಟಾವು ಕೊನೆಗೆ 2024ರ ಜನವರಿ 1ರಿಂದ ನಿಂತಿತು.

ಜಮೀನಿನ ಇಂತಿಷ್ಟು ಪಾಲು ಕಾಡಾಗಿಯೇ ಉಳಿಯಬೇಕು ಎನ್ನುವ ನಿಯಮಗಳಿಂದ ಪ್ರಯೋಜನವಿದೆಯೇ?

ಇದೆ, ಆದರೆ ಆ ಪಾಲು ಎಲ್ಲಿ, ಯಾವ ಆಕಾರದಲ್ಲಿ ಉಳಿಯುತ್ತದೆ ಎಂಬುದು ಪಾಲಿನಷ್ಟೇ ಮುಖ್ಯ. ಬ್ರೆಜಿಲ್‌ನ ಅರಣ್ಯ ಸಂಹಿತೆ 1965ರಲ್ಲಿ ಬಂದು 2012ರಲ್ಲಿ ಪರಿಷ್ಕೃತವಾಯಿತು. ಅಮೆಜಾನ್ ಕಾಡಿನ ಪ್ರದೇಶದ ಖಾಸಗಿ ಜಮೀನಿನಲ್ಲಿ ಶೇ. 80ರಷ್ಟು ಕಾಡಾಗಿಯೇ ಇರಬೇಕೆಂದೂ, ನದಿಗಳ ದಡದಲ್ಲಿ ಅಗಲಕ್ಕೆ ಅನುಗುಣವಾಗಿ ಕಾಡಿನ ಪಟ್ಟಿಯನ್ನು ಉಳಿಸಬೇಕೆಂದೂ ಅದು ವಿಧಿಸುತ್ತದೆ.

ಈ ಪಾಲು ಶೇ. 50 ಇದ್ದ ಕಾಲದಲ್ಲಿ, 1979ರಲ್ಲಿ, ಥಾಮಸ್ ಲವ್‌ಜಾಯ್ ಎಂಬ ಜೀವವಿಜ್ಞಾನಿ ಅಮೆಜಾನ್‌ನ ಮನೌಸ್ ನಗರದ ಉತ್ತರಕ್ಕಿರುವ ದನದ ಫಾರ್ಮ್‌ಗಳಲ್ಲಿ ಆ ನಿಯಮವನ್ನೇ ಬಳಸಿಕೊಂಡು ಒಂದು ಪ್ರಯೋಗ ಆರಂಭಿಸಿದರು. ಹೇಗಿದ್ದರೂ ಬಿಡಲೇಬೇಕಾಗಿದ್ದ ಕಾಡಿನಲ್ಲಿ ಒಂದಿಷ್ಟನ್ನು 1, 10 ಮತ್ತು 100 ಹೆಕ್ಟೇರ್‌ಗಳ ಚೌಕಗಳಾಗಿ ಉಳಿಸುವಂತೆ ಜಮೀನುದಾರರನ್ನು ಒಪ್ಪಿಸಿ, ಪ್ರತ್ಯೇಕಗೊಂಡ ತುಂಡುಗಳಲ್ಲಿ ಏನಾಗುತ್ತದೆಂದು ದಶಕಗಳ ಕಾಲ ಗಮನಿಸಲಾಯಿತು. ದಂಡೆತ್ತಿ ಹೋಗುವ ಇರುವೆಗಳ ಹಿಂದೆ ಹಾರುತ್ತ, ಅವುಗಳಿಗೆ ಹೆದರಿ ಹೊರಬೀಳುವ ಕೀಟಗಳನ್ನು ಹಿಡಿಯುವ ಹಕ್ಕಿಗಳು ಸಣ್ಣ ತುಂಡುಗಳಿಂದ ಬೇಗನೆ ಮಾಯವಾದವು; ಇರುವೆಯ ಒಂದು ಸೈನ್ಯಕ್ಕೇ ಸಾಲದ ಜಾಗದಲ್ಲಿ ಅವು ಬದುಕುವುದಾದರೂ ಹೇಗೆ? 100 ಹೆಕ್ಟೇರ್‌ನ ತುಂಡುಗಳೂ ಸುಮಾರು 15 ವರ್ಷಗಳೊಳಗೆ ಕೆಳಸ್ತರದ ಹಕ್ಕಿ ಪ್ರಭೇದಗಳಲ್ಲಿ ಅರ್ಧದಷ್ಟನ್ನು ಕಳೆದುಕೊಂಡವು. ಅಂಚಿನಿಂದ ಒಳನುಗ್ಗುವ ಬಿಸಿಗಾಳಿಯಿಂದಾಗಿ ಅಂಚಿನ 300 ಮೀಟರ್‌ಗಳೊಳಗಿನ ದೊಡ್ಡ ಮರಗಳು ಒಳಗಾಡಿನವುಗಳಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ವೇಗವಾಗಿ ಸತ್ತವು. ಕಾಡಿನ ನೆರಳಿಗೆ ಒಗ್ಗಿಕೊಂಡ ಕೆಲವು ಹಕ್ಕಿಗಳು ನೂರು ಮೀಟರ್ ಕೂಡ ಇಲ್ಲದ ಬಯಲನ್ನು ದಾಟಲು ಹಿಂಜರಿದವು.

ಇದರ ಅರ್ಥ ನೇರವಾಗಿದೆ: ಹತ್ತು ಜಮೀನುಗಳಲ್ಲಿ ಚದುರಿದ ಹತ್ತು ತುಂಡುಗಳು ಒಂದಕ್ಕೊಂದು ತಾಗಿಕೊಂಡ ಒಂದು ದೊಡ್ಡ ಕಾಡಿಗೆ ಸಮವಲ್ಲ, ಕಾನೂನಿನ ಲೆಕ್ಕದಲ್ಲಿ ಎರಡರ ವಿಸ್ತೀರ್ಣ ಒಂದೇ ಆಗಿದ್ದರೂ. ನದಿದಡದ ಪಟ್ಟಿಗಳ ನಿಯಮ ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು, ಏಕೆಂದರೆ ಅದು ತುಂಡುಗಳನ್ನು ಬೆಸೆಯುವ ದಾರಿಯಾಗುತ್ತದೆ.

ಕಾನೂನು ಬಂದ ಮೇಲೆ ಅರಣ್ಯನಾಶ ನಿಜವಾಗಿಯೂ ಕಡಿಮೆಯಾಗುತ್ತದೆಯೇ?

ಜಾರಿಯಾದರೆ ಆಗುತ್ತದೆ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದ ಅಮೆಜಾನ್ ಕಾಡಿನ ನಾಶವನ್ನು ಉಪಗ್ರಹದಿಂದ ಅಳೆಯುತ್ತಿದೆ. 2004ರಲ್ಲಿ ಒಂದೇ ವರ್ಷಕ್ಕೆ ಸುಮಾರು 27,700 ಚದರ ಕಿ.ಮೀ. ಕಾಡು ನಾಶವಾಗಿತ್ತು, 2012ರಲ್ಲಿ ಅದು ಸುಮಾರು 4,600ಕ್ಕೆ ಇಳಿಯಿತು, 2021ರಲ್ಲಿ ಮತ್ತೆ 13,000ಕ್ಕೆ ಏರಿತು, 2024ರಲ್ಲಿ ಸುಮಾರು 6,300ಕ್ಕೆ ಇಳಿಯಿತು. ಈ ಏರಿಳಿತದ ಬಹುಭಾಗದಲ್ಲಿ ಕಾನೂನಿನ ಮೂಲ ನಿಷೇಧ ಅದೇ ಇತ್ತು. ಬದಲಾದದ್ದು ಅದರ ಹಿಂದಿನ ಬಲ. 2004ರಿಂದ ಉಪಗ್ರಹ ಚಿತ್ರಗಳ ಆಧಾರದ ತ್ವರಿತ ಎಚ್ಚರಿಕೆ ಸ್ಥಳೀಯ ಅಧಿಕಾರಿಗಳಿಗೆ ತಲುಪತೊಡಗಿತು, ಅತಿ ಹೆಚ್ಚು ಕಾಡು ಕಡಿಯುತ್ತಿದ್ದ ಪುರಸಭಾ ಪ್ರದೇಶಗಳ ಪಟ್ಟಿ ಪ್ರಕಟವಾಯಿತು, 2008ರಿಂದ ಪರಿಸರ ನಿಯಮ ಪಾಲಿಸದ ಜಮೀನುದಾರರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟವಾಯಿತು. ಮುಂದೆ ಕಾವಲು ಸಂಸ್ಥೆಗಳು ದುರ್ಬಲಗೊಂಡ ವರ್ಷಗಳಲ್ಲಿ ಗರಗಸದ ಸದ್ದು ಹಿಂತಿರುಗಿತು.

ಇನ್ನೊಂದು ಮಾತು. 2008ರ ಜುಲೈ 22ಕ್ಕೆ ಮೊದಲಿನ ಅಕ್ರಮ ಕಡಿತಕ್ಕೆ ಬ್ರೆಜಿಲ್ ಅರಣ್ಯ ಸಂಹಿತೆಯ 2012ರ ಪರಿಷ್ಕರಣೆ ಬಹುಮಟ್ಟಿಗೆ ವಿನಾಯಿತಿ ಕೊಟ್ಟಿತು. ಒಮ್ಮೆ ಕ್ಷಮೆ ಸಿಕ್ಕರೆ ಮುಂದೆಯೂ ಸಿಗುತ್ತದೆಂಬ ನಿರೀಕ್ಷೆ ಹುಟ್ಟುತ್ತದೆ, ಆ ನಿರೀಕ್ಷೆಯೇ ಕೊಡಲಿ ಎತ್ತಿಸುತ್ತದೆ. ಇಂಥ ಸಾಮೂಹಿಕ ಕ್ಷಮಾದಾನಗಳನ್ನು ನಾನು ಕಾನೂನಿನ ಅತಿ ದೊಡ್ಡ ದೌರ್ಬಲ್ಯಗಳಲ್ಲಿ ಒಂದೆಂದು ಎಣಿಸುತ್ತೇನೆ.

ಒಂದು ದೇಶ ಮರ ಕಡಿಯುವುದನ್ನು ನಿಲ್ಲಿಸಿದರೆ ಇನ್ನೊಂದು ದೇಶದ ಕಾಡು ಬಲಿಯಾಗುವುದಿಲ್ಲವೆ?

ಆಗಿದೆ. 1988ರ ಭೀಕರ ಪ್ರವಾಹದ ನಂತರ ಥಾಯ್ಲೆಂಡ್ 1989ರಲ್ಲಿ ನೈಸರ್ಗಿಕ ಕಾಡಿನ ವಾಣಿಜ್ಯ ಕಟಾವನ್ನು ನಿಷೇಧಿಸಿದಾಗ ನಾಟಾ ಮ್ಯಾನ್ಮಾರ್ ಮತ್ತು ಲಾವೋಸ್‌ಗಳಿಂದ ಬರತೊಡಗಿತು. 1998ರ ಯಾಂಗ್‌ತ್ಸೆ ಪ್ರವಾಹದ ಬಳಿಕ ಚೀನಾ ಇಂಥದೇ ನಿರ್ಬಂಧ ತಂದು, ಕ್ರಮೇಣ ಜಗತ್ತಿನ ಅತಿ ದೊಡ್ಡ ಮರದ ದಿಮ್ಮಿ ಆಮದುದಾರನಾಯಿತು. ದೇಶದೊಳಗೂ ಹೀಗಾಗುತ್ತದೆ: ಅಮೆಜಾನ್‌ನಲ್ಲಿ ಹಿಡಿತ ಬಿಗಿಯಾದಾಗ ಸೋಯಾ ಬೇಸಾಯದ ಒತ್ತಡ ಸೆರಾಡೊ ಎಂಬ ಸವನ್ನಾದ ಮೇಲೆ ಹೆಚ್ಚಿತು, ಅಲ್ಲಿನ ಬಹುಭಾಗದಲ್ಲಿ ಕಾನೂನು ಉಳಿಸಬೇಕೆನ್ನುವ ಪಾಲು ಶೇ. 20 ಮಾತ್ರ.

ಇದಕ್ಕೆ ಉತ್ತರವಾಗಿ ಕೊಳ್ಳುವ ದೇಶಗಳು ಕಾನೂನು ಮಾಡತೊಡಗಿವೆ. ಅಮೆರಿಕದ 1900ರ ಲೇಸಿ ಕಾಯ್ದೆಯನ್ನು 2008ರಲ್ಲಿ ವಿಸ್ತರಿಸಿ, ಬೇರೆ ದೇಶದಲ್ಲಿ ಅಕ್ರಮವಾಗಿ ಕಡಿದ ಮರದ ವ್ಯಾಪಾರವನ್ನೂ ಅಪರಾಧವಾಗಿಸಲಾಯಿತು. ಯುರೋಪಿಯನ್ ಒಕ್ಕೂಟದ 2023ರ ನಿಯಮ ದನದ ಉತ್ಪನ್ನ, ಕೋಕೊ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ ಮತ್ತು ಮರ ಈ ಏಳು ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಿಂದ ಬಂದಿರಬಾರದೆಂದು ಹೇಳುತ್ತದೆ. ಅದರ ಜಾರಿಯ ದಿನಾಂಕ ಮುಂದೂಡಲ್ಪಟ್ಟಿದೆ, ಸಣ್ಣ ಬೆಳೆಗಾರರಿಗೆ ಜಮೀನಿನ ನಕ್ಷೆ ಒದಗಿಸುವ ಹೊರೆಯೂ ನಿಜವಾದದ್ದೇ.

ಕಾನೂನೇ ಜೀವವೈವಿಧ್ಯಕ್ಕೆ ಹಾನಿ ಮಾಡುವ ಸಂದರ್ಭಗಳಿವೆಯೇ?

ಇವೆ. ಅಮೆರಿಕದ ಆಗ್ನೇಯ ರಾಜ್ಯಗಳ ಪೈನ್ ಕಾಡುಗಳಲ್ಲಿ ಕೆಂಪು ಕೆನ್ನೆಗರಿಯ ಒಂದು ಸಣ್ಣ ಮರಕುಟಿಗವಿದೆ. ಅದು ಗೂಡು ಕೊರೆಯುವುದು ಬದುಕಿರುವ ಹಳೆಯ ಪೈನ್ ಮರಗಳಲ್ಲಿ, ಸಾಮಾನ್ಯವಾಗಿ 80 ವರ್ಷ ದಾಟಿದವುಗಳಲ್ಲಿ. ಗೂಡಿನ ಸುತ್ತ ಸಣ್ಣ ರಂಧ್ರಗಳನ್ನು ಕುಟ್ಟಿ ರಾಳ ಸುರಿಯುವಂತೆ ಮಾಡುತ್ತದೆ. ಆ ಅಂಟು ಮರವೇರುವ ಹಾವುಗಳನ್ನು ತಡೆಯುತ್ತದೆ. ಅಳಿವಿನಂಚಿನ ಪ್ರಭೇದಗಳ 1973ರ ಕಾಯ್ದೆಯಡಿ ಈ ಹಕ್ಕಿ ನೆಲೆಸಿದ ಖಾಸಗಿ ಜಮೀನಿನಲ್ಲಿ ಮರ ಕಡಿಯುವುದಕ್ಕೆ ಕಟ್ಟುಪಾಡು ಬೀಳುತ್ತಿತ್ತು. ಇದರ ಫಲವಾಗಿ ಉತ್ತರ ಕೆರೊಲಿನಾದ ಕೆಲವು ಜಮೀನುದಾರರು ಪೈನ್ ಮರ ಹಳೆಯದಾಗುವ ಮೊದಲೇ, ಅಂದರೆ ಹಕ್ಕಿ ಬರುವ ಮೊದಲೇ, ಕಡಿದುಬಿಡತೊಡಗಿದರು. ಇದಕ್ಕೆ 1995ರಲ್ಲಿ ‘ಸುರಕ್ಷಿತ ತಂಗುದಾಣ’ ಎಂಬ ಅರ್ಥದ ಒಪ್ಪಂದಗಳು ಬಂದವು: ಜಮೀನುದಾರರು ಹಕ್ಕಿಗೆ ಅನುಕೂಲ ಮಾಡಿಕೊಟ್ಟರೆ, ಹೊಸದಾಗಿ ಬಂದ ಹಕ್ಕಿಗಳ ಕಾರಣಕ್ಕೆ ಅವರ ಮೇಲೆ ಹೆಚ್ಚಿನ ನಿರ್ಬಂಧ ಬೀಳುವುದಿಲ್ಲ. ಕಾನೂನಿನ ಒಂದು ಅಕ್ಷರವನ್ನೂ ಸಡಿಲಿಸದೆ ಹಕ್ಕಿಯ ಮೇಲಿನ ಭಯವನ್ನು ತೆಗೆದ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು.

ಕಾಡಿನಲ್ಲಿ ವಾಸಿಸುವವರನ್ನು ಹೊರಗೆ ಕಳುಹಿಸಿದರೆ ಕಾಡು ಉಳಿಯುತ್ತದೆಯೇ?

ಹಾಗೆಂದು ನಂಬಿ ಮಾಡಿದ ಒಕ್ಕಲೆಬ್ಬಿಸುವಿಕೆಗಳು ಜನರಿಗೆ ಅಪಾರ ಸಂಕಟ ತಂದಿವೆ, ಕಾಡಿಗೂ ಪ್ರತಿಬಾರಿ ಒಳಿತಾಗಿಲ್ಲ. ಬ್ರೆಜಿಲ್‌ನಲ್ಲಿ ಗಡಿ ಗುರುತಿಸಿ ಮಾನ್ಯ ಮಾಡಿದ ಮೂಲನಿವಾಸಿಗಳ ಪ್ರದೇಶಗಳು, ಸುತ್ತ ಕಾಡು ಕರಗಿದರೂ, ಉಪಗ್ರಹ ಚಿತ್ರದಲ್ಲಿ ಹಸಿರು ದ್ವೀಪಗಳಂತೆ ಎದ್ದುಕಾಣುತ್ತವೆ. ನೇಪಾಳದ 1993ರ ಅರಣ್ಯ ಕಾಯ್ದೆ ಬಳಕೆದಾರರ ಗುಂಪುಗಳಿಗೆ ಕಾಡನ್ನು ಒಪ್ಪಿಸಿತು. ಇಂದು ಅಂಥ 22,000ಕ್ಕೂ ಹೆಚ್ಚು ಗುಂಪುಗಳಿವೆ, ಬೋಳಾಗಿದ್ದ ಬೆಟ್ಟಗಳಲ್ಲಿ ಮರಗಳು ಮರಳಿವೆ. ಅಲ್ಲಿಯೂ ಎಚ್ಚರ ಬೇಕು: ಬೆಲೆಬಾಳುವ ಸಾಲವೃಕ್ಷವನ್ನು ಉಳಿಸಿ ಉಳಿದ ಗಿಡಗಂಟಿಗಳನ್ನು ಸವರಿದ ಕಡೆ ಮರದ ಹೊದಿಕೆ ಹೆಚ್ಚಿದರೂ ಪ್ರಭೇದಗಳ ಸಂಖ್ಯೆ ಹೆಚ್ಚುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ ಈ ವಿಷಯದಲ್ಲಿ ಬಹಳ ಹೇಳುತ್ತದೆ. ಬೇಸಿಗೆಯ ಆರಂಭದಲ್ಲಿ ಅವರು ಹಾಕುತ್ತಿದ್ದ ‘ತರಗು ಬೆಂಕಿ’ ನೆಲದ ತರಗೆಲೆಯನ್ನಷ್ಟೇ ಸುಟ್ಟು ಆರುತ್ತಿತ್ತು. ವನ್ಯಜೀವಿ ಕಾನೂನಿನ ಅಡಿ ಅದು ನಿಂತ ಮೇಲೆ ಲಂಟಾನ ಪೊದೆ ಕಾಡಿನ ತಳವನ್ನೆಲ್ಲ ಆವರಿಸಿತು, ನೆಲ್ಲಿಮರಗಳಲ್ಲಿ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ಮಾತು. ಆ ಮಾತನ್ನು ಸಂಶೋಧಕರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಸಾಮುದಾಯಿಕ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹಕ್ಕು ಇರುವವರು ಕಾವಲೂ ಕಾಯಬಲ್ಲರು: ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೇ ಎಂದು 2013ರಲ್ಲಿ 12 ಗ್ರಾಮಸಭೆಗಳನ್ನು ಕೇಳಿದಾಗ ಹನ್ನೆರಡೂ ಬೇಡವೆಂದವು, ಬೆಟ್ಟ ಉಳಿಯಿತು.

ಕಡಿದಷ್ಟು ಕಾಡನ್ನು ಬೇರೆಡೆ ಬೆಳೆಸಿದರೆ ಸಾಲದೆ?

ಸಾಲದು. ಮರವನ್ನು ನೆಡಬಹುದು, ಇನ್ನೂರು ವರ್ಷದ ಮರದ ಪೊಟರೆಯನ್ನು, ಅದರ ಬೇರಿನ ಶಿಲೀಂಧ್ರಜಾಲವನ್ನು, ಅದನ್ನು ಅರಸಿ ಬರುವ ಹಕ್ಕಿಯ ನೆನಪನ್ನು ನೆಡಲಾಗದು. ಚೀನಾದ ಸಿಚುವಾನ್ ಪ್ರಾಂತದಲ್ಲಿ ಬೃಹತ್ ಮರು ಅರಣ್ಯೀಕರಣದಡಿ ಬೆಳೆದ ಕಾಡುಗಳನ್ನು ಅಭ್ಯಸಿಸಿದಾಗ, ಅವು ಬಹುಪಾಲು ಒಂದೇ ಜಾತಿಯ ಅಥವಾ ಕೆಲವೇ ಜಾತಿಗಳ ಮರಗಳಿಂದ ಕೂಡಿದ್ದು, ಏಕಜಾತಿ ತೋಪುಗಳಲ್ಲಿ ಹಕ್ಕಿ ಮತ್ತು ಜೇನ್ನೊಣಗಳ ವೈವಿಧ್ಯ ಮೊದಲಿದ್ದ ಹೊಲಗಳಿಗಿಂತಲೂ ಕಡಿಮೆ ಇರುವುದು ಕಂಡುಬಂದಿತು. ಪರಿಹಾರಾತ್ಮಕ ಅರಣ್ಯೀಕರಣ ಅನಿವಾರ್ಯವಾದಲ್ಲಿ ಕೊನೆಯ ದಾರಿಯಾಗಿರಲಿ, ಅನುಮತಿಯ ಬೆಲೆಯಾಗದಿರಲಿ.

ಪೂರ್ಣ ರಕ್ಷಣೆ ಸಿಕ್ಕ ಕಾಡಿನಲ್ಲಿಯೂ ಕೆಲವು ಪ್ರಭೇದಗಳು ಕುಸಿಯುವುದೇಕೆ?

ಕಾನೂನು ತಡೆಯಬಲ್ಲದ್ದು ಕೊಡಲಿಯನ್ನು ಮತ್ತು ಕೋವಿಯನ್ನು. ಅಮೆರಿಕದ ವಾಯವ್ಯ ಭಾಗದ ಚುಕ್ಕೆ ಗೂಬೆಯನ್ನು 1990ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿದ ಮೇಲೆ, 1994ರ ಅರಣ್ಯ ಯೋಜನೆ ಸುಮಾರು 1 ಕೋಟಿ ಹೆಕ್ಟೇರ್ ಸರ್ಕಾರಿ ಜಮೀನಿನ ನಿರ್ವಹಣೆಯನ್ನೇ ಬದಲಿಸಿ ಹಳೆಯ ಕಾಡಿನ ಕಟಾವನ್ನು ತೀವ್ರವಾಗಿ ತಗ್ಗಿಸಿತು. ಆದರೂ ಗೂಬೆಗಳ ಸಂಖ್ಯೆ ಇಳಿಯುತ್ತಲೇ ಇದೆ, ಏಕೆಂದರೆ ಖಂಡದ ಪೂರ್ವಭಾಗದಿಂದ ಹರಡಿಬಂದ ಪಟ್ಟೆ ಗೂಬೆ ಅದನ್ನು ನೆಲೆಯಿಂದ ಹೊರದೂಡುತ್ತಿದೆ. ನ್ಯೂಜಿಲೆಂಡ್‌ನ ರಕ್ಷಿತ ಕಾಡುಗಳಲ್ಲಿ ಹಾರಲಾರದ ಹಕ್ಕಿಗಳಿಗೆ ಇಲಿ, ಸ್ಟೋಟ್, ಪಾಸಮ್‌ಗಳಂಥ ಹೊರಗಿನಿಂದ ತಂದ ಪ್ರಾಣಿಗಳೇ ಕಂಟಕ. ಹಾಗಾದರೆ ಕಾನೂನು ವ್ಯರ್ಥವಾಯಿತೇ? ಚುಕ್ಕೆ ಗೂಬೆಗಾಗಿ ಉಳಿದ ಆ ಹಳೆಯ ಕಾಡುಗಳಲ್ಲಿ ಸಾಲ್ಮನ್ ಮೀನಿನ ತೊರೆಗಳು, ಕಲ್ಲುಹೂವುಗಳು, ಬಸವನಹುಳುಗಳು ಉಳಿದವು. ಗೂಬೆಗೆ ಮರಳುವ ಅವಕಾಶವಿದ್ದರೆ ಮರಳಲು ಕಾಡೂ ಇದೆ.

ಶಿಕ್ಷೆಗಿಂತ ಪ್ರೋತ್ಸಾಹಧನ ಉತ್ತಮವೇ?

ಕೋಸ್ಟರಿಕಾ ಎರಡನ್ನೂ ಒಟ್ಟಿಗೆ ಮಾಡಿತು. 1996ರ ಅರಣ್ಯ ಕಾನೂನು ನೈಸರ್ಗಿಕ ಕಾಡನ್ನು ಬೇರೆ ಬಳಕೆಗೆ ಪರಿವರ್ತಿಸುವುದನ್ನು ನಿಷೇಧಿಸಿತು, ಜೊತೆಗೆ ಇಂಗಾಲ, ನೀರು, ಜೀವವೈವಿಧ್ಯ ಮತ್ತು ನಿಸರ್ಗ ಸೌಂದರ್ಯ ಎಂಬ ನಾಲ್ಕು ಸೇವೆಗಳಿಗಾಗಿ ಕಾಡಿನ ಒಡೆಯರಿಗೆ ಇಂಧನ ತೆರಿಗೆಯ ಹಣದಿಂದ ಪಾವತಿ ಆರಂಭಿಸಿತು. 1980ರ ದಶಕದಲ್ಲಿ ಕಾಲುಭಾಗದ ಆಸುಪಾಸಿಗೆ ಕುಸಿದಿದ್ದ ಅಲ್ಲಿನ ಕಾಡು ಈಗ ದೇಶದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿದೆ. ಗೋಮಾಂಸದ ಬೆಲೆ ಕುಸಿದದ್ದು, ಪ್ರವಾಸೋದ್ಯಮ ಬೆಳೆದದ್ದು ಇದಕ್ಕೆ ನೆರವಾದವು ಎಂಬುದನ್ನು ಮರೆಯಬಾರದು.

ಹೊಸ ಅರಣ್ಯ ಕಾನೂನಿನ ಕರಡು ಪ್ರಕಟವಾದರೆ ಸಾಮಾನ್ಯ ನಾಗರಿಕರು ಅದರಲ್ಲಿ ಏನನ್ನು ಗಮನಿಸಬೇಕು?

ಮೊದಲು ವ್ಯಾಖ್ಯೆಗಳ ಕಲಮನ್ನು ಓದಿ: ನೈಸರ್ಗಿಕ ಕಾಡನ್ನೂ ನೆಡುತೋಪನ್ನೂ ಬೇರೆ ಮಾಡಿದ್ದಾರೆಯೇ, ಹುಲ್ಲುಗಾವಲಿಗೆ ಅದರಲ್ಲಿ ಜಾಗವಿದೆಯೇ ಎಂದು ನೋಡಿ. ಆಮೇಲೆ ವಿನಾಯಿತಿಗಳ ಕಲಮಿಗೆ ಹೋಗಿ, ಏಕೆಂದರೆ ಪೀಠಿಕೆಯಲ್ಲಿ ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವುದು ಬಹುತೇಕ ಅಲ್ಲಿಯೇ. ಹಳೆಯ ಅಕ್ರಮಗಳನ್ನು ಸಕ್ರಮ ಮಾಡುವ ದಿನಾಂಕ ಎಲ್ಲಿಯಾದರೂ ಅಡಗಿದೆಯೇ, ಗ್ರಾಮಸಭೆಯ ಅಥವಾ ಸ್ಥಳೀಯ ಸಮುದಾಯದ ಒಪ್ಪಿಗೆ ‘ಪಡೆಯಬೇಕು’ ಎಂದಿದೆಯೋ ‘ಅಭಿಪ್ರಾಯ ಕೇಳಬಹುದು’ ಎಂದಿದೆಯೋ ಎಂಬುದನ್ನು ಗುರುತು ಹಾಕಿಕೊಳ್ಳಿ. ಕಾಡನ್ನು ಅಳೆಯುವ ಮಾಹಿತಿ ಸಾರ್ವಜನಿಕರಿಗೆ ಸಿಗುತ್ತದೆಯೇ, ಕಾವಲು ಸಿಬ್ಬಂದಿಗೆ ಹಣ ಯಾವ ಮೂಲದಿಂದ ಬರುತ್ತದೆ ಎಂಬುದನ್ನೂ ಕೇಳಿ. ಆಕ್ಷೇಪಣೆ ಸಲ್ಲಿಸಲು ಕೊಡುವ ಅವಧಿ ಸಾಮಾನ್ಯವಾಗಿ ಬಹಳ ಚಿಕ್ಕದು. ಆದ್ದರಿಂದ ಒಂದೇ ಕಲಮಿನ ಬಗ್ಗೆಯಾದರೂ ಸರಿ, ನಿಮಗೆ ಗೊತ್ತಿರುವ ಒಂದು ಕಾಡಿನ, ಒಂದು ಹಕ್ಕಿಯ ಅಥವಾ ಒಂದು ತೊರೆಯ ವಿವರವನ್ನು ಮುಂದಿಟ್ಟು, ದಿನಾಂಕ ಮುಗಿಯುವುದರೊಳಗೆ ಬರೆದು ಕಳುಹಿಸಿ.